ಪೈಥಾನ್ ಧಾರಕಗಳ ಟೈಪ್ ಪರಿಶೀಲನೆ: ಓಡಿಸುವ ಮುನ್ನವೇ ದೋಷ ಪತ್ತೆ

ಕ್ರಮವಿಧಿಯೊಂದನ್ನು (ಪ್ರೋಗ್ರಾಮ್) ಗಣಕದಲ್ಲಿ ಚಲಾಯಿಸುವ ಮುನ್ನ ಅದರ ಪಠ್ಯವನ್ನಷ್ಟೇ ಓದಿ, ಅದರಲ್ಲಿ ಬಳಕೆಯಾಗಿರುವ ದತ್ತಾಂಶಗಳ ಬಗೆ ಒಂದಕ್ಕೊಂದು ಹೊಂದುತ್ತದೆಯೇ ಎಂದು ಪರೀಕ್ಷಿಸುವ ಕ್ರಮಕ್ಕೆ ಸ್ಥಿರ ಟೈಪ್ ಪರಿಶೀಲನೆ ಎಂದು ಹೆಸರು. ಸಿ, ಜಾವಾ ಮೊದಲಾದ ಭಾಷೆಗಳಲ್ಲಿ ಇದು ಕಂಪೈಲರ್‌ನ ನಿತ್ಯದ ಕೆಲಸ. ಪೈಥಾನ್‌ನಂತಹ ಡೈನಾಮಿಕ್ ಭಾಷೆಗಳ ರೀತಿಯೇ ಬೇರೆ. ಅಲ್ಲಿ ಬಗೆಯ ವಿಚಾರಣೆ ನಡೆಯುವುದು ಕ್ರಮವಿಧಿ ಓಡುತ್ತಿರುವಾಗ, ಆಯಾ ಸಾಲಿನ ಸರದಿ ಬಂದ ಕ್ಷಣದಲ್ಲಿ. 2015ರಿಂದೀಚೆಗೆ ಪೈಥಾನ್‌ಗೂ ಐಚ್ಛಿಕವಾದ ಸ್ಥಿರ ಪರಿಶೀಲನೆಯ ವ್ಯವಸ್ಥೆ ದೊರೆತಿದೆ. ಈ ವ್ಯವಸ್ಥೆಯ ಪ್ರಯೋಜನವೂ ತೊಡಕೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ಧಾರಕಗಳಲ್ಲಿ, ಅಂದರೆ ಹಲವು ವಸ್ತುಗಳನ್ನು ಒಟ್ಟಾಗಿ ಹಿಡಿದಿಡುವ ಕಂಟೇನರ್‌ಗಳಲ್ಲಿ. ಅವುಗಳ ಪರಿಶೀಲನೆ ಹೇಗೆ ನಡೆಯುತ್ತದೆ, ಯಾವ ದೋಷಗಳನ್ನು ಹಿಡಿಯುತ್ತದೆ, ಯಾವುದನ್ನು ಹಿಡಿಯಲಾರದು ಎಂಬುದನ್ನು ಈ ಲೇಖನ ಪರಿಚಯಿಸುತ್ತದೆ.

ಟೈಪ್ ಇರುವುದು ಎಲ್ಲಿ?

ಪೈಥಾನ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಧಾರಕಗಳು ನಾಲ್ಕು. ವಸ್ತುಗಳನ್ನು ಸಾಲಾಗಿ ಇರಿಸುವ, ಬೇಕೆಂದಾಗ ಸೇರಿಸಲೂ ತೆಗೆಯಲೂ ಬರುವ ಲಿಸ್ಟ್. ಕೀಲಿಯೊಂದನ್ನು ಕೊಟ್ಟರೆ ಅದಕ್ಕೆ ಹೊಂದಿಸಿಟ್ಟ ಮೌಲ್ಯವನ್ನು ಹಿಂದಿರುಗಿಸುವ ಡಿಕ್ಟ್. ಒಂದೇ ವಸ್ತು ಎರಡು ಸಲ ಸೇರದಂತೆ ನೋಡಿಕೊಳ್ಳುವ ಸೆಟ್. ಒಮ್ಮೆ ರಚಿಸಿದ ಮೇಲೆ ಬದಲಿಸಲಾಗದ ಟ್ಯೂಪಲ್. ಈ ಧಾರಕಗಳು ತಮ್ಮೊಳಗೆ ಏನು ಬರುತ್ತದೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ಒಂದೇ ಲಿಸ್ಟ್‌ನಲ್ಲಿ ಪೂರ್ಣಾಂಕ, ಅಕ್ಷರಮಾಲೆ (ಸ್ಟ್ರಿಂಗ್), ಮತ್ತೊಂದು ಲಿಸ್ಟ್ ಎಲ್ಲವೂ ಒಟ್ಟಿಗೆ ಇರಬಹುದು.

ಅಡುಗೆಮನೆಯ ಡಬ್ಬಿಗಳನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಜಾವಾ ಭಾಷೆಯ ಜೆನೆರಿಕ್ ಧಾರಕ 'ಸಕ್ಕರೆ' ಎಂದು ಚೀಟಿ ಅಂಟಿಸಿದ ಡಬ್ಬಿಯಂತೆ. ಅದರಲ್ಲಿ ಉಪ್ಪು ಸುರಿಯಲು ಹೋದರೆ ಕಂಪೈಲರ್ ಕೈ ಹಿಡಿದು ನಿಲ್ಲಿಸುತ್ತದೆ. ಪೈಥಾನ್‌ನ ಡಬ್ಬಿಗೆ ಚೀಟಿಯಿಲ್ಲ. ಒಳಗಿರುವ ಪ್ರತಿಯೊಂದು ವಸ್ತುವಿಗೂ ತಾನು ಏನೆಂಬುದು ಗೊತ್ತು, ಡಬ್ಬಿಗೆ ಮಾತ್ರ ತನ್ನಲ್ಲಿ ಏನಿದೆಯೆಂಬುದು ಗೊತ್ತಿಲ್ಲ. ತಜ್ಞರ ಮಾತಿನಲ್ಲಿ ಹೇಳುವುದಾದರೆ, ಡೈನಾಮಿಕ್ ಭಾಷೆಯಲ್ಲಿ ಟೈಪ್ ಸೇರಿರುವುದು ಮೌಲ್ಯಕ್ಕೆ. ಆ ಮೌಲ್ಯವನ್ನು ಸೂಚಿಸುವ ಹೆಸರಿಗಲ್ಲ.

ದೋಷ ಒಂದೆಡೆ, ಪರಿಣಾಮ ಇನ್ನೊಂದೆಡೆ

ಈ ಸ್ವಾತಂತ್ರ್ಯದ ಬೆಲೆ ಏನೆಂಬುದನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ವಿದ್ಯಾರ್ಥಿಗಳ ಅಂಕಗಳು ಒಂದು ಕಡತದಲ್ಲಿವೆ. ಅವನ್ನು ಓದಿ ಲಿಸ್ಟ್‌ಗೆ ಸೇರಿಸಿ, ಅತಿ ಹೆಚ್ಚು ಅಂಕವನ್ನು ಕಂಡುಹಿಡಿಯಬೇಕು. ಪಠ್ಯ ಕಡತದಿಂದ ಓದಿದ್ದೆಲ್ಲವೂ ಪೈಥಾನ್‌ಗೆ ಅಕ್ಷರಮಾಲೆಯೇ. ಅದನ್ನು ಸಂಖ್ಯೆಯಾಗಿ ಪರಿವರ್ತಿಸುವುದನ್ನು ಪ್ರೋಗ್ರಾಮರ್ ಮರೆತರೆ ಲಿಸ್ಟ್‌ನಲ್ಲಿ ಸಂಖ್ಯೆ 95, ಸಂಖ್ಯೆ 100 ಇರುವುದಿಲ್ಲ. "95", "100" ಎಂಬ ಅಕ್ಷರಮಾಲೆಗಳಿರುತ್ತವೆ. ಇವುಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ "95" ಎಂಬ ಉತ್ತರ ಬರುತ್ತದೆ. ಅಕ್ಷರಮಾಲೆಗಳ ಹೋಲಿಕೆ ನಿಘಂಟಿನ ಕ್ರಮದಲ್ಲಿ, ಮೊದಲ ಅಕ್ಷರದಿಂದ ನಡೆಯುತ್ತದೆ. 1ಕ್ಕಿಂತ 9 ಮುಂದಿನದು, ಆದ್ದರಿಂದ "100"ಕ್ಕಿಂತ "95" ದೊಡ್ಡದು. ನೂರಕ್ಕೆ ನೂರು ಪಡೆದ ವಿದ್ಯಾರ್ಥಿ ಪ್ರಥಮ ಸ್ಥಾನ ಕಳೆದುಕೊಳ್ಳುತ್ತಾನೆ. ಯಾವ ದೋಷಸಂದೇಶವೂ ಬರುವುದಿಲ್ಲ, ಕ್ರಮವಿಧಿ ಯಶಸ್ವಿಯಾಗಿ ಮುಗಿಯುತ್ತದೆ. ಕಡತದಲ್ಲಿ ಕನ್ನಡ ಅಂಕಿಗಳಿದ್ದರೂ ಇದೇ ಕಥೆ. "೧೦೦"ಕ್ಕಿಂತ "೯೫" ದೊಡ್ಡದೆಂದೇ ಎಣಿಕೆಯಾಗುತ್ತದೆ.

ಇನ್ನೊಂದು ಸಂದರ್ಭ. ಲಿಸ್ಟ್‌ನ ಬಹುಪಾಲು ಸಂಖ್ಯೆಗಳೇ, ಒಂದು ಮಾತ್ರ ಅಕ್ಷರಮಾಲೆ. ಪೈಥಾನ್ 2ರಲ್ಲಿ ಸಂಖ್ಯೆಯನ್ನೂ ಅಕ್ಷರಮಾಲೆಯನ್ನೂ ಹೋಲಿಸಲು ಅವಕಾಶವಿತ್ತು. ಅಲ್ಲಿ ಸಂಖ್ಯೆಗಳೆಲ್ಲ ಅಕ್ಷರಮಾಲೆಗಳಿಗಿಂತ ಚಿಕ್ಕವೆಂದು ಪರಿಗಣಿತವಾಗುತ್ತಿದ್ದವು. 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3 ಇದನ್ನು ನಿಷೇಧಿಸಿತು. ಈಗ ಅಂತಹ ಹೋಲಿಕೆ ನಡೆದೊಡನೆ ಟೈಪ್ ದೋಷ ಉಂಟಾಗಿ ಕ್ರಮವಿಧಿ ನಿಲ್ಲುತ್ತದೆ. ಇದು ಮೊದಲಿಗಿಂತ ಉತ್ತಮವೇ ಸರಿ. ಆದರೆ ದೋಷ ಪ್ರಕಟವಾಗುವ ಸ್ಥಳ ಹೋಲಿಕೆ ನಡೆದ ಸಾಲು. ತಪ್ಪು ವಸ್ತು ಸೇರಿದ ಸಾಲಲ್ಲ. ಸೇರಿಸಿದ್ದು ಒಂದು ಕಡತದಲ್ಲಿ, ಒಡೆದದ್ದು ಇನ್ನೊಂದರಲ್ಲಿ ಆಗಬಹುದು. ಇಂದು ಸೇರಿದ್ದು ತಿಂಗಳ ಕೊನೆಯ ಲೆಕ್ಕದ ವೇಳೆ ಒಡೆಯಬಹುದು. ಧಾರಕವು ದೋಷವನ್ನು ಹೊತ್ತು ದೂರ ಸಾಗಿಸುತ್ತದೆ. ಸ್ಥಿರ ಪರಿಶೀಲನೆಯ ಮುಖ್ಯ ಪ್ರಯೋಜನವೆಂದರೆ ದೋಷವನ್ನು ಅದು ಹುಟ್ಟಿದ ಸಾಲಿನಲ್ಲೇ, ಕ್ರಮವಿಧಿ ಓಡುವುದಕ್ಕೆ ಮೊದಲೇ ತೋರಿಸುವುದು.

ಬೆಳೆದುಬಂದ ಬಗೆ

ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ ಅವರು ಪೈಥಾನ್ ಭಾಷೆಯನ್ನು ಮೊದಲು ಬಿಡುಗಡೆ ಮಾಡಿದ್ದು 1991ರಲ್ಲಿ. ಫಂಕ್ಷನ್‌ಗಳ ಆದಾನ ಮತ್ತು ಫಲಿತಗಳಿಗೆ ಟಿಪ್ಪಣಿ ಬರೆಯುವ ಅವಕಾಶ ಪೈಥಾನ್ 3ರಲ್ಲಿ ಬಂದಿತಾದರೂ, ಆ ಟಿಪ್ಪಣಿಗಳ ಅರ್ಥವೇನೆಂಬುದನ್ನು ಭಾಷೆ ನಿಗದಿಪಡಿಸಿರಲಿಲ್ಲ. ಅದೇ ದಶಕದಲ್ಲಿ, 2006ರಲ್ಲಿ, ಜೆರೆಮಿ ಸೀಕ್ ಮತ್ತು ವಲೀದ್ ತಾಹಾ ಅವರು ಗ್ರ್ಯಾಜುಯಲ್ ಟೈಪಿಂಗ್ ಎಂಬ ಸಿದ್ಧಾಂತವನ್ನು ಮಂಡಿಸಿದರು. ಕ್ರಮವಿಧಿಯ ಒಂದು ಭಾಗಕ್ಕೆ ಟೈಪ್ ಬರೆದು, ಉಳಿದ ಭಾಗವನ್ನು ಹಾಗೆಯೇ ಬಿಟ್ಟು, ಎರಡನ್ನೂ ಕೂಡಿಸಿ ನಡೆಸಬಹುದೆಂಬುದು ಅದರ ಸಾರ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಯುಕ್ಕಾ ಲೆಹ್ತೊಸಾಲೊ ಅವರು 'ಮೈಪೈ' ಎಂಬ ಸಾಧನವನ್ನು ರೂಪಿಸಿದರು. ಆರಂಭದಲ್ಲಿ ಅದು ಪೈಥಾನ್‌ನ್ನು ಹೋಲುವ, ಆದರೆ ಟೈಪ್‌ಗಳಿಗಾಗಿ ತನ್ನದೇ ವ್ಯಾಕರಣವಿದ್ದ ಪ್ರತ್ಯೇಕ ಭಾಷೆಯಾಗಿತ್ತು. 2013ರಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ವಾನ್ ರಾಸಮ್ ಅವರೊಂದಿಗೆ ನಡೆದ ಮಾತುಕತೆಯ ಫಲವಾಗಿ ಲೆಹ್ತೊಸಾಲೊ ಆ ವ್ಯಾಕರಣವನ್ನು ಕೈಬಿಟ್ಟು, ಪೈಥಾನ್ 3ರ ಟಿಪ್ಪಣಿಗಳನ್ನೇ ಅಳವಡಿಸಿಕೊಂಡರು. ಮುಂದೆ ವಾನ್ ರಾಸಮ್, ಲೆಹ್ತೊಸಾಲೊ ಮತ್ತು ವುಕಾಶ್ ಲಾಂಗಾ ಈ ಮೂವರು 2014ರಲ್ಲಿ ಸಿದ್ಧಪಡಿಸಿದ ಪ್ರಸ್ತಾವವೇ ಪೆಪ್ 484. ಪೈಥಾನ್‌ಗೆ ಮಾಡುವ ಸುಧಾರಣೆಗಳ ಪ್ರಸ್ತಾವಗಳಿಗೆ ಪೆಪ್ ಎಂದು ಹೆಸರು. ಈ ಪ್ರಸ್ತಾವ 2015ರ ಸೆಪ್ಟೆಂಬರ್‌ನಲ್ಲಿ ಪೈಥಾನ್ 3.5ರೊಂದಿಗೆ ಜಾರಿಗೆ ಬಂತು. ಪೈಥಾನ್ ಡೈನಾಮಿಕ್ ಭಾಷೆಯಾಗಿಯೇ ಉಳಿಯುವುದೆಂದೂ ಟೈಪ್ ಸೂಚನೆಗಳನ್ನು ಕಡ್ಡಾಯಗೊಳಿಸುವ ಉದ್ದೇಶವಿಲ್ಲವೆಂದೂ ಆ ಪ್ರಸ್ತಾವದಲ್ಲೇ ಸ್ಪಷ್ಟಪಡಿಸಲಾಗಿದೆ.

ನಂತರದ ಬದಲಾವಣೆಗಳಲ್ಲಿ ಮೂರು ಧಾರಕಗಳ ಮಟ್ಟಿಗೆ ಮುಖ್ಯವಾದವು. 2016ರ ಪೈಥಾನ್ 3.6ರಿಂದ ಫಂಕ್ಷನ್‌ಗಳಿಗಷ್ಟೇ ಅಲ್ಲದೆ ಚರಗಳಿಗೂ (ವೇರಿಯಬಲ್) ಟೈಪ್ ಸೂಚನೆ ಬರೆಯಬಹುದಾಯಿತು. 2019ರ ಪೈಥಾನ್ 3.8ರಲ್ಲಿ ಟೈಪ್ಡ್‌ಡಿಕ್ಟ್ ಬಂತು. 2020ರ ಪೈಥಾನ್ 3.9ರಲ್ಲಿ ಭಾಷೆಯ ಸ್ವಂತ ಲಿಸ್ಟ್, ಡಿಕ್ಟ್ ಹೆಸರುಗಳನ್ನೇ ಟೈಪ್ ಸೂಚನೆಯಲ್ಲಿ ಬಳಸಲು ಅನುಮತಿ ದೊರೆಯಿತು. ಅದಕ್ಕೆ ಮೊದಲು ಟೈಪಿಂಗ್ ಎಂಬ ಗ್ರಂಥಾಲಯದಿಂದ ದೊಡ್ಡಕ್ಷರದಲ್ಲಿ ಆರಂಭವಾಗುವ ಬೇರೆ ಹೆಸರುಗಳನ್ನು ತರಬೇಕಿತ್ತು. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದ ಕನ್ನಡ ಲಿಪಿಯಲ್ಲಿ ಆ ಎರಡು ಹೆಸರುಗಳ ವ್ಯತ್ಯಾಸವನ್ನು ತೋರಿಸುವುದೂ ಕಷ್ಟ.

ಪರಿಶೀಲಕ ನೋಡುವುದೇನು?

ಪರಿಶೀಲಕ ಎಂಬುದು ಪೈಥಾನ್‌ಗಿಂತ ಪ್ರತ್ಯೇಕವಾದ ತಂತ್ರಾಂಶ. ಅದು ಕ್ರಮವಿಧಿಯನ್ನು ಓಡಿಸುವುದಿಲ್ಲ, ಓದುತ್ತದೆ. 'ಅಂಕಗಳು' ಎಂಬ ಚರದ ಟೈಪ್ ಲಿಸ್ಟ್[ಇಂಟ್] ಎಂದು ಬರೆದರೆ, ಅದು ಪೂರ್ಣಾಂಕಗಳ ಪಟ್ಟಿ ಎಂದರ್ಥ. ಚೌಕಾವರಣದೊಳಗಿನ ಹೆಸರೇ ಡಬ್ಬಿಯ ಚೀಟಿ.

ಲಿಸ್ಟ್‌ನ ಪ್ರತಿಯೊಂದು ಕ್ರಿಯೆಯ ವಿವರಣೆಯಲ್ಲೂ ವಸ್ತುವಿನ ಬಗೆಗೆ ಒಂದು ತೆರಪಿರುತ್ತದೆ. ಸೇರಿಸುವ ಕ್ರಿಯೆಯಾದ ಅಪೆಂಡ್ 'ಆ ಬಗೆಯ' ವಸ್ತುವನ್ನು ಪಡೆಯುತ್ತದೆ. ಕ್ರಮಾಂಕ ಕೊಟ್ಟು ತೆಗೆದರೆ 'ಆ ಬಗೆಯ' ವಸ್ತು ಸಿಗುತ್ತದೆ. ಒಂದು ತುಂಡನ್ನು ಕತ್ತರಿಸಿ ತೆಗೆದರೆ 'ಆ ಬಗೆಯ' ಲಿಸ್ಟ್ ಸಿಗುತ್ತದೆ. ಲಿಸ್ಟ್[ಇಂಟ್] ಎಂದೊಡನೆ ಆ ತೆರಪುಗಳೆಲ್ಲ ಇಂಟ್‌ನಿಂದ ತುಂಬುತ್ತವೆ. ಅಂಕಗಳ ಉದಾಹರಣೆಯಲ್ಲಿ ಕಡತದ ಸಾಲನ್ನು ಹಾಗೆಯೇ ಸೇರಿಸಹೊರಟರೆ, ಅಪೆಂಡ್‌ಗೆ ಇಂಟ್ ಬೇಕಿತ್ತು, ಸ್ಟ್ರಿಂಗ್ ಬಂದಿದೆ ಎಂಬ ಸಂದೇಶ ಸಾಲಿನ ಸಂಖ್ಯೆಯ ಸಮೇತ ದೊರೆಯುತ್ತದೆ. ಆ ಸಾಲಿನಲ್ಲಿ ಸಂಖ್ಯೆಗೆ ಪರಿವರ್ತಿಸಿದರೆ ದೋಷ ಪರಿಹಾರವಾಗುತ್ತದೆ. ಪೈಥಾನ್‌ನ ಈ ಪರಿವರ್ತನೆಗೆ ಕನ್ನಡ ಅಂಕಿಗಳೂ ಗೊತ್ತು. "೯೫" ಎಂಬುದು 95 ಆಗುತ್ತದೆ. ಅಂಕದ ಜಾಗದಲ್ಲಿ 'ಗೈರು' ಎಂದು ಬರೆದಿದ್ದರೆ ಪರಿವರ್ತನೆಯ ಸಾಲಿನಲ್ಲೇ ಕ್ರಮವಿಧಿ ನಿಲ್ಲುತ್ತದೆ, ತಪ್ಪು ಮುಂದಕ್ಕೆ ಸಾಗುವುದಿಲ್ಲ.

ಡಿಕ್ಟ್‌ಗೆ ಎರಡು ತೆರಪುಗಳಿವೆ, ಕೀಲಿಯದೊಂದು, ಮೌಲ್ಯದ್ದೊಂದು. ಹೆಸರಿನಿಂದ ಅಂಕಕ್ಕೆ ಹೋಗುವ ಕೋಶದ ಟೈಪ್ ಡಿಕ್ಟ್[ಸ್ಟ್ರಿಂಗ್, ಇಂಟ್]. ಇದರಲ್ಲಿ ಹುಡುಕಲು ಎರಡು ದಾರಿಗಳಿವೆ. ಗೆಟ್ ಎಂಬ ಕ್ರಿಯೆಯ ಮೂಲಕ ಕೇಳಿದರೆ, ಕೀಲಿ ಇಲ್ಲದಿದ್ದಾಗ 'ನನ್' ಎಂಬ ಶೂನ್ಯವಸ್ತು ಬರುತ್ತದೆ. ಆದ್ದರಿಂದ ಅದರ ಫಲಿತ 'ಇಂಟ್ ಅಥವಾ ನನ್' ಎಂದು ಪರಿಶೀಲಕ ತಿಳಿಯುತ್ತದೆ. ಅದಕ್ಕೆ ನೇರವಾಗಿ 5 ಕೃಪಾಂಕ ಕೂಡಿಸಲು ಹೋದರೆ ಆಕ್ಷೇಪಿಸುತ್ತದೆ. ನನ್ ಅಲ್ಲವೆಂದು ಮೊದಲು ಪರೀಕ್ಷಿಸಿದ್ದರೆ, ಆ ಪರೀಕ್ಷೆಯನ್ನು ಗಮನಿಸಿ ಒಳಗಿನ ಸಾಲುಗಳಲ್ಲಿ ಅದು ಇಂಟ್ ಎಂದೇ ಒಪ್ಪುತ್ತದೆ. ಹೆಸರು ಪಟ್ಟಿಯಲ್ಲಿಲ್ಲದ ವಿದ್ಯಾರ್ಥಿಯ ವಿಷಯವನ್ನು ಪ್ರೋಗ್ರಾಮರ್ ಯೋಚಿಸಲೇಬೇಕಾದ ಸ್ಥಿತಿ ಹೀಗೆ ಉಂಟಾಗುತ್ತದೆ.

ಟ್ಯೂಪಲ್‌ನಲ್ಲಿ ಪ್ರತಿ ಸ್ಥಾನಕ್ಕೂ ಬೇರೆ ಬಗೆ ಹೇಳಬಹುದು. ಹೆಸರು, ಅಂಕ ಎಂಬ ಜೋಡಿಯ ಟೈಪ್ ಟ್ಯೂಪಲ್[ಸ್ಟ್ರಿಂಗ್, ಇಂಟ್]. ಇದರ ಉದ್ದವೂ ಗೊತ್ತಿರುವುದರಿಂದ ಮೂರನೆಯ ಸ್ಥಾನವನ್ನು ಕೇಳಿದರೆ ಅದಿಲ್ಲವೆಂದು ಪರಿಶೀಲಕವೇ ಹೇಳುತ್ತದೆ. ಟೈಪ್ಡ್‌ಡಿಕ್ಟ್ ಇದೇ ಸೌಲಭ್ಯವನ್ನು ಕೋಶಗಳಿಗೆ ಒದಗಿಸುತ್ತದೆ. 'ಹೆಸರು' ಎಂಬ ಕೀಲಿಗೆ ಸ್ಟ್ರಿಂಗ್, 'ಅಂಕ' ಎಂಬ ಕೀಲಿಗೆ ಇಂಟ್ ಎಂದು ಪ್ರತ್ಯೇಕವಾಗಿ ಬರೆಯಬಹುದು. ಕೀಲಿಯ ಕಾಗುಣಿತ ತಪ್ಪಿದರೂ ಸಿಕ್ಕಿಬೀಳುತ್ತದೆ.

ಖಾಲಿ ಧಾರಕದ್ದು ಮಾತ್ರ ವಿಶೇಷ ಸಮಸ್ಯೆ. ಖಾಲಿ ಡಬ್ಬಿಯನ್ನು ನೋಡಿ ಅದು ಯಾವುದಕ್ಕೆಂದು ಹೇಳುವುದು ಹೇಗೆ? ಮೈಪೈ ಅದೇ ವ್ಯಾಪ್ತಿಯ ಮುಂದಿನ ಸಾಲುಗಳಲ್ಲಿ ಏನು ಸೇರುತ್ತದೆಂದು ನೋಡಿ ಊಹಿಸುತ್ತದೆ. ಸುಳಿವು ಸಿಗದಿದ್ದರೆ ಟೈಪ್ ಬರೆಯಿರೆಂದು ಕೇಳುತ್ತದೆ. ಬೆರಕೆ ಲಿಸ್ಟ್‌ಗಳ ವಿಷಯದಲ್ಲಿ ಪರಿಶೀಲಕಗಳಲ್ಲೇ ಭಿನ್ನಾಭಿಪ್ರಾಯವಿದೆ. ಒಂದು ಸಂಖ್ಯೆ, ಒಂದು ಅಕ್ಷರಮಾಲೆ ಇರುವ ಲಿಸ್ಟ್‌ನ್ನು ಮೈಪೈ 'ಯಾವುದೋ ವಸ್ತುಗಳ ಲಿಸ್ಟ್' ಎಂದು ಊಹಿಸಿದರೆ, ಪೈರೈಟ್ ಎಂಬ ಸಾಧನ 'ಇಂಟ್ ಅಥವಾ ಸ್ಟ್ರಿಂಗ್‌ಗಳ ಲಿಸ್ಟ್' ಎಂದು ಊಹಿಸುತ್ತದೆ.

ಮಾವಿನ ಬುಟ್ಟಿಯ ಪ್ರಶ್ನೆ

ಪರಿಶೀಲಕವನ್ನು ಹೊಸದಾಗಿ ಬಳಸುವವರನ್ನು ಅತಿ ಹೆಚ್ಚು ಗೊಂದಲಕ್ಕೆ ಈಡುಮಾಡುವ ನಿಯಮವೊಂದಿದೆ. ದಶಮಾಂಶ ಸಂಖ್ಯೆ (ಫ್ಲೋಟ್) ಬೇಕಾದಲ್ಲಿ ಪೂರ್ಣಾಂಕ ಕೊಟ್ಟರೆ ಪರಿಶೀಲಕ ಒಪ್ಪುತ್ತದೆ. ಆದರೆ ಲಿಸ್ಟ್[ಫ್ಲೋಟ್] ಬೇಕಾದಲ್ಲಿ ಲಿಸ್ಟ್[ಇಂಟ್] ಕೊಟ್ಟರೆ ಒಪ್ಪುವುದಿಲ್ಲ. ಇದು ಪರಿಶೀಲಕದ ಹಟವೆಂದು ಭಾವಿಸುವವರೇ ಹೆಚ್ಚು. ಕಾರಣ ತಿಳಿದರೆ ಆಕ್ಷೇಪ ನ್ಯಾಯವಾದುದೆಂದು ಮನದಟ್ಟಾಗುತ್ತದೆ.

ಮಾವು ಒಂದು ಹಣ್ಣು. ಹಾಗಾದರೆ ಮಾವಿನ ಬುಟ್ಟಿಯನ್ನು ಹಣ್ಣಿನ ಬುಟ್ಟಿ ಎಂದು ಕರೆಯಬಹುದೇ? ಅದನ್ನು ಪಡೆದವನು ಏನು ಮಾಡುತ್ತಾನೆಂಬುದರ ಮೇಲೆ ಉತ್ತರ ನಿಂತಿದೆ. ಹಣ್ಣನ್ನು ತೆಗೆದುಕೊಳ್ಳುವುದಷ್ಟೇ ಅವನ ಕೆಲಸವಾದರೆ ಅಡ್ಡಿಯಿಲ್ಲ, ಅವನ ಕೈಗೆ ಬರುವುದೆಲ್ಲ ಹಣ್ಣೇ. ಆದರೆ ಅವನು ಬುಟ್ಟಿಗೆ ಹಣ್ಣು ಹಾಕುವವನೂ ಆದರೆ ಬಾಳೆಹಣ್ಣನ್ನೂ ಹಾಕಬಹುದು. ಹಣ್ಣಿನ ಬುಟ್ಟಿಯ ಮಟ್ಟಿಗೆ ಅದು ತಪ್ಪಲ್ಲ. ಬುಟ್ಟಿ ಮಾತ್ರ ಅದೇ. ಮಾವಿನ ಬುಟ್ಟಿಯೆಂದು ನಂಬಿ ಕೈಹಾಕಿದ ಮೂಲ ಒಡೆಯನಿಗೆ ಬಾಳೆಹಣ್ಣು ಸಿಗುತ್ತದೆ.

ಪೈಥಾನ್‌ನಲ್ಲಿಯೂ ಹೀಗೆಯೇ. ಫಂಕ್ಷನ್‌ಗೆ ಲಿಸ್ಟ್ ಕೊಟ್ಟಾಗ ಪ್ರತಿ ಹೋಗುವುದಿಲ್ಲ, ಮೂಲ ಲಿಸ್ಟ್‌ನ್ನೇ ಆ ಫಂಕ್ಷನ್ ನೋಡುತ್ತದೆ. ಫ್ಲೋಟ್‌ಗಳ ಲಿಸ್ಟ್ ಎಂದು ತಿಳಿದು ಅದು 0.5 ಎಂಬ ಸಂಖ್ಯೆಯನ್ನು ಸೇರಿಸಿತೆನ್ನೋಣ. ಕರೆದವರ ಪೂರ್ಣಾಂಕಗಳ ಲಿಸ್ಟ್‌ನಲ್ಲಿ ಈಗ 0.5 ಇದೆ. ಮುಂದೆಲ್ಲೋ ಆ ವಸ್ತುವನ್ನು ಕ್ರಮಾಂಕವಾಗಿ ಬಳಸಿದಾಗ ಕ್ರಮವಿಧಿ ಒಡೆಯುತ್ತದೆ. ಹೀಗಾಗಿ ಬದಲಿಸಬಹುದಾದ ಧಾರಕಗಳಿಗೆ ಬಗೆ ಕರಾರುವಾಕ್ಕಾಗಿ ಹೊಂದಲೇಬೇಕು. ಈ ಗುಣಕ್ಕೆ ಇನ್‌ವೇರಿಯನ್ಸ್ ಎನ್ನುತ್ತಾರೆ. ಓದಲು ಮಾತ್ರ ಬರುವ ಧಾರಕಗಳಿಗೆ ಈ ಕಟ್ಟುನಿಟ್ಟು ಬೇಡ. ಅವುಗಳ ಸಡಿಲಿಕೆಗೆ ಕೋವೇರಿಯನ್ಸ್ ಎಂದು ಹೆಸರು.

ಪರಿಹಾರ ಸುಲಭ. ಫಂಕ್ಷನ್ ತನಗೆ ಬಂದ ಪಟ್ಟಿಯನ್ನು ಓದುವುದಷ್ಟೇ ಆದರೆ, ಅದರ ಆದಾನದ ಟೈಪ್ ಲಿಸ್ಟ್ ಎಂದು ಬರೆಯುವ ಬದಲು ಸೀಕ್ವೆನ್ಸ್ ಎಂದು ಬರೆಯಬೇಕು. ಸೀಕ್ವೆನ್ಸ್‌ಗೆ ಅಪೆಂಡ್ ಇಲ್ಲ, ಆದ್ದರಿಂದ ಲಿಸ್ಟ್[ಇಂಟ್] ಕೊಟ್ಟರೂ ಅಪಾಯವಿಲ್ಲ, ಪರಿಶೀಲಕವೂ ಒಪ್ಪುತ್ತದೆ. ಡಿಕ್ಟ್ ಬದಲಿಗೆ ಮ್ಯಾಪಿಂಗ್ ಬಳಸಿದರೆ ಮೌಲ್ಯದ ಮಟ್ಟಿಗೆ ಇದೇ ಸಡಿಲಿಕೆ ಸಿಗುತ್ತದೆ. ಹೀಗೆ ಬರೆದ ಸಾಲು ಓದುಗರಿಗೂ ಒಂದು ಭರವಸೆ: ಈ ಫಂಕ್ಷನ್ ನಿಮ್ಮ ಲಿಸ್ಟ್‌ನ್ನು ಬದಲಿಸುವುದಿಲ್ಲ.

ಬೇರೆ ಭಾಷೆಗಳು ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿವೆ. 1996ರಲ್ಲಿ ಬಿಡುಗಡೆಯಾದ ಜಾವಾ, ತನ್ನ ಅರೇಗಳಲ್ಲಿ ಮಾವಿನ ಬುಟ್ಟಿಯನ್ನು ಹಣ್ಣಿನ ಬುಟ್ಟಿಯೆಂದು ಒಪ್ಪಿತು. ಬಾಳೆಹಣ್ಣು ಹಾಕಿದಾಗ ಕ್ರಮವಿಧಿ ಓಡುತ್ತಿರುವಂತೆಯೇ ದೋಷ ಎಸೆಯುವ ವ್ಯವಸ್ಥೆಯನ್ನು ಅದು ಇರಿಸಿಕೊಂಡಿದೆ. 2004ರಲ್ಲಿ ಜೆನೆರಿಕ್ ಧಾರಕಗಳನ್ನು ತಂದಾಗ ಮಾತ್ರ ಕಟ್ಟುನಿಟ್ಟಿನ ದಾರಿ ಹಿಡಿಯಿತು. 2012ರಲ್ಲಿ ಪ್ರಕಟವಾದ, ಜಾವಾಸ್ಕ್ರಿಪ್ಟ್‌ಗೆ ಟೈಪ್ ಒದಗಿಸುವ ಟೈಪ್‌ಸ್ಕ್ರಿಪ್ಟ್ ಬಳಕೆಯ ಅನುಕೂಲಕ್ಕಾಗಿ ಈ ಲೋಪವನ್ನು ತಿಳಿದೇ ಉಳಿಸಿಕೊಂಡಿದೆ.

ಪರಿಶೀಲನೆಗೆ ನಿಲುಕದ್ದು

ಸ್ಥಿರ ಪರಿಶೀಲನೆ ಎಲ್ಲವನ್ನೂ ಹಿಡಿಯುತ್ತದೆಂದು ಭಾವಿಸುವುದು ತಪ್ಪು. ಲಿಸ್ಟ್‌ನಲ್ಲಿ ಐದು ವಸ್ತುಗಳಿದ್ದು ಹತ್ತನೆಯದನ್ನು ಕೇಳಿದರೆ ಪರಿಶೀಲಕ ಸುಮ್ಮನಿರುತ್ತದೆ. ಲಿಸ್ಟ್‌ನ ಟೈಪ್‌ನಲ್ಲಿ ಉದ್ದದ ಮಾಹಿತಿಯಿಲ್ಲ. ಡಿಕ್ಟ್‌ನ್ನು ಗೆಟ್ ಬಳಸದೆ ಚೌಕಾವರಣದ ಮೂಲಕ ಕೇಳಿದಾಗ ಕೀಲಿ ಇಲ್ಲದಿದ್ದರೂ ಹೀಗೆಯೇ. ಅಂಕ 100ಕ್ಕಿಂತ ಹೆಚ್ಚಿದೆಯೇ ಎಂಬಂತಹ ಪ್ರಶ್ನೆಗಳಂತೂ ಅದರ ವ್ಯಾಪ್ತಿಗೆ ಹೊರತು.

ಎರಡನೆಯ ಮಿತಿ 'ಎನಿ' ಎಂಬ ಟೈಪ್. ಇದು ಎಲ್ಲಕ್ಕೂ ಹೊಂದುವ, ಯಾವ ಕ್ರಿಯೆಗೂ ಅಡ್ಡಿ ಹೇಳದ ಬಗೆ. ಟೈಪ್ ಬರೆಯದ ಹಳೆಯ ಭಾಗಗಳು ಹೊಸ ಭಾಗಗಳೊಂದಿಗೆ ಸೇರಿ ಕೆಲಸ ಮಾಡುವುದು ಇದರಿಂದಲೇ. ಆದರೆ ಇದೇ ಸೋರುವ ಜಾಗವೂ ಹೌದು. ಜೇಸನ್ ರೂಪದ ದತ್ತಾಂಶವನ್ನು ಓದುವ ಪೈಥಾನ್‌ನ ಫಂಕ್ಷನ್ ಕೊಡುವ ಫಲಿತದ ಟೈಪ್ ಎನಿ. ಅದನ್ನು ಲಿಸ್ಟ್[ಇಂಟ್] ಎಂದು ಬರೆದುಕೊಂಡರೆ ಪರಿಶೀಲಕ ಹಾಗೆಯೇ ನಂಬುತ್ತದೆ, ಒಳಗಿರುವುದು ಅಕ್ಷರಮಾಲೆಗಳಾದರೂ. ಟೈಪ್ ಸೂಚನೆಯಿಲ್ಲದ ಫಂಕ್ಷನ್‌ಗಳ ಒಳಭಾಗವನ್ನು ಮೈಪೈ ತಾನಾಗಿ ಪರೀಕ್ಷಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಆಯ್ಕೆಯನ್ನು ಸೂಚಿಸಬೇಕು.

ಮೂರನೆಯದು, ಈ ಸೂಚನೆಗಳನ್ನು ಪೈಥಾನ್ ಓಡುವ ವೇಳೆಯಲ್ಲಿ ಜಾರಿಗೊಳಿಸುವುದಿಲ್ಲ. ಆಗ ಲಿಸ್ಟ್[ಇಂಟ್] ಕೂಡ ಬರಿಯ ಲಿಸ್ಟ್ ಅಷ್ಟೇ. ಒಂದು ಲಿಸ್ಟ್‌ನಲ್ಲಿ ಎಲ್ಲವೂ ಪೂರ್ಣಾಂಕಗಳೇ ಎಂದು ಆಗ ತಿಳಿಯಬೇಕಾದರೆ ಒಂದೊಂದನ್ನೂ ನೋಡಬೇಕು. ಲಕ್ಷ ವಸ್ತುಗಳಿದ್ದರೆ ಲಕ್ಷ ಸಲ. ಆದ್ದರಿಂದ ಹೊರಗಿನಿಂದ ಬರುವ ದತ್ತಾಂಶವನ್ನು ಹೊಸ್ತಿಲಲ್ಲೇ ಒಮ್ಮೆ ಪರೀಕ್ಷಿಸಿ ಒಳಗೆ ಬಿಡುವುದು ರೂಢಿ. ಪೈಡ್ಯಾಂಟಿಕ್ ಮುಂತಾದ ಗ್ರಂಥಾಲಯಗಳು ಟೈಪ್ ಸೂಚನೆಗಳನ್ನೇ ಓದಿಕೊಂಡು ಈ ಕೆಲಸ ಮಾಡುತ್ತವೆ. ಹೊಸ್ತಿಲು ದಾಟಿದ ಮೇಲೆ ಕಾವಲು ಸ್ಥಿರ ಪರಿಶೀಲಕದ್ದು. ಎರಡರಲ್ಲಿ ಒಂದಿಲ್ಲದಿದ್ದರೂ ಚೀಟಿಗೂ ಡಬ್ಬಿಯ ವಸ್ತುವಿಗೂ ತಾಳೆಯಾಗುವ ಖಾತರಿಯಿಲ್ಲ.

ಸಾಧನಗಳು ಮತ್ತು ಬಳಕೆ

ದೊಡ್ಡ ಪ್ರಮಾಣದ ಬಳಕೆಗೆ ಪ್ರಸಿದ್ಧ ನಿದರ್ಶನ ಡ್ರಾಪ್‌ಬಾಕ್ಸ್ ಸಂಸ್ಥೆಯದು. ವಾನ್ ರಾಸಮ್ ಮತ್ತು ಲೆಹ್ತೊಸಾಲೊ ಇಬ್ಬರೂ ಅಲ್ಲಿ ಕೆಲಸ ಮಾಡಿದವರು. 40 ಲಕ್ಷ ಸಾಲುಗಳಷ್ಟು ಪೈಥಾನ್ ಪಠ್ಯವನ್ನು ಮೈಪೈ ಪರಿಶೀಲನೆಗೆ ಒಳಪಡಿಸಿದ್ದನ್ನು ಆ ಸಂಸ್ಥೆ 2019ರಲ್ಲಿ ಪ್ರಕಟಿಸಿತು. ಫೇಸ್‌ಬುಕ್ 2018ರಲ್ಲಿ ಪೈರ್ ಎಂಬ ಪರಿಶೀಲಕವನ್ನೂ ಮೈಕ್ರೋಸಾಫ್ಟ್ 2019ರಲ್ಲಿ ಪೈರೈಟ್‌ನ್ನೂ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದವು. ರಸ್ಟ್ ಭಾಷೆಯಲ್ಲಿ ಬರೆದ, ವೇಗಕ್ಕೆ ಒತ್ತು ಕೊಡುವ ಎರಡು ಹೊಸ ಪರಿಶೀಲಕಗಳು 2025ರಲ್ಲಿ ಪ್ರಕಟವಾದವು. ಮೆಟಾ ಸಂಸ್ಥೆಯ ಪೈರಿಫ್ಲೈ ಮತ್ತು ಆಸ್ಟ್ರಲ್ ಸಂಸ್ಥೆಯ 'ಟಿವೈ'.

ಹಳೆಯ ಕ್ರಮವಿಧಿಗೆ ಟೈಪ್ ಸೂಚನೆ ಸೇರಿಸಹೊರಟವರು ಎಲ್ಲವನ್ನೂ ಒಮ್ಮೆಗೇ ಬರೆಯಬೇಕಿಲ್ಲ. ಹಲವು ಕಡೆಗಳಿಂದ ಕರೆಯಲ್ಪಡುವ ಫಂಕ್ಷನ್‌ಗಳು, ಅವುಗಳಿಗೆ ಹೋಗುವ ಮತ್ತು ಅವುಗಳಿಂದ ಬರುವ ಧಾರಕಗಳು, ಖಾಲಿಯಾಗಿ ಆರಂಭವಾಗುವ ಲಿಸ್ಟ್ ಮತ್ತು ಡಿಕ್ಟ್‌ಗಳು, ಇಷ್ಟಕ್ಕೆ ಮೊದಲು ಬರೆದರೆ ಸಾಕು. ಬರಿದೇ 'ಲಿಸ್ಟ್' ಎಂದು ಬರೆದು ಬಿಟ್ಟರೆ ಒಳಗಿನ ಬಗೆ ಎನಿ ಎಂದಾಗುತ್ತದೆ, ಪರಿಶೀಲನೆಯ ಪ್ರಯೋಜನ ಸಿಗುವುದಿಲ್ಲ. ಚೌಕಾವರಣದೊಳಗಿನ ಹೆಸರನ್ನು ತಪ್ಪದೆ ತುಂಬಬೇಕು. ಓದುವುದಷ್ಟೇ ಕೆಲಸವಾಗಿರುವ ಕಡೆ ಸೀಕ್ವೆನ್ಸ್, ಮ್ಯಾಪಿಂಗ್ ಬಳಸಬೇಕು. ಈ ಕ್ರಮವನ್ನು ಪಾಲಿಸಿದಲ್ಲಿ ಲಿಸ್ಟ್‌ನೊಳಗೆ ಸೇರಿಕೊಂಡ ಒಂದು ಅಕ್ಷರಮಾಲೆ ಫಲಿತಾಂಶ ಪ್ರಕಟಣೆಯ ದಿನದವರೆಗೆ ಅಡಗಿ ಕುಳಿತಿರುವುದು ತಪ್ಪುತ್ತದೆ.